ಒಂಟಿಗೈ ಎಸೆತ: ಹ್ಯಾಂಕ್ ಲುಯಿಸೆಟ್ಟಿ ಮತ್ತು ಕಾಲೇಜು ಬಾಸ್ಕೆಟ್‌ಬಾಲಿನ ತಿರುವು

ಹ್ಯಾಂಕ್ ಲುಯಿಸೆಟ್ಟಿ (1916–2002) ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಕಂಡ ಮೊದಮೊದಲ ರಾಷ್ಟ್ರಮಟ್ಟದ ತಾರೆಗಳಲ್ಲಿ ಒಬ್ಬರು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮುಖ್ಯ ತಂಡದಲ್ಲಿ 1935ರಿಂದ 1938ರವರೆಗೆ ಮೂರು ಋತು ಆಡಿದ ಅವರು ಮೂರೂ ಸಲ ಅಖಿಲ ಅಮೆರಿಕ ತಂಡಕ್ಕೆ ಆಯ್ಕೆಯಾದರು. ದೊಡ್ಡ ಕಾಲೇಜುಗಳ ಆಟದಲ್ಲಿ ಒಂದೇ ಪಂದ್ಯಕ್ಕೆ 50 ಅಂಕ ಮುಟ್ಟಿದ ಮೊದಲಿಗರೆಂದು ಹೆಸರಾದರು. ಆದರೆ ಅವರ ಕೀರ್ತಿ ನಿಂತಿರುವುದು ಅಂಕಗಳ ಮೇಲಲ್ಲ, ಅಂಕ ಗಳಿಸಿದ ರೀತಿಯ ಮೇಲೆ. ಎರಡೂ ಕೈಯಿಂದ ಚೆಂಡು ಹಿಡಿದು, ಕಾಲೂರಿ ನಿಂತು ಎಸೆಯುವುದೇ ಸರಿಯಾದ ಆಟ ಎಂದು ಕೋಚ್‌ಗಳು ಪಾಠ ಹೇಳುತ್ತಿದ್ದ ಕಾಲದಲ್ಲಿ ಅವರು ಓಡುತ್ತ, ಚಿಮ್ಮುತ್ತ, ಒಂದೇ ಕೈಯಿಂದ ಚೆಂಡನ್ನು ಬುಟ್ಟಿಗೆ ಹಾಕಿದರು. ಹೀಗಾಗಿ ಇಂದಿನ ಬಾಸ್ಕೆಟ್‌ಬಾಲ್ ಎಸೆತದ ಜನಕ ಎಂಬ ಬಿರುದು ಅವರಿಗೆ ಅಂಟಿಕೊಂಡಿದೆ. ಆ ಬಿರುದು ಎಷ್ಟರಮಟ್ಟಿಗೆ ನಿಜ, ಇಂಥ ಆಟಗಾರ ವೃತ್ತಿಪರ ಆಟದಲ್ಲಿ ಒಂದು ದಿನವೂ ಕಾಣಿಸಿಕೊಳ್ಳದೆ ಉಳಿದದ್ದೇಕೆ ಎಂಬ ಎರಡು ಪ್ರಶ್ನೆಗಳು ಅವರ ಬದುಕನ್ನು ಪರಿಶೀಲಿಸುವಾಗ ಎದುರಾಗುತ್ತವೆ.

ಲುಯಿಸೆಟ್ಟಿಗೆ ಮುಂಚಿನ ಆಟ

ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ. ಮಸಾಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಯ ಶಿಕ್ಷಕ ಜೇಮ್ಸ್ ನೈಸ್ಮಿತ್, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ರೂಪಿಸಿ 13 ನಿಯಮಗಳನ್ನು ಬರೆದರು. ಪೀಚ್ ಹಣ್ಣು ತುಂಬುವ ಬುಟ್ಟಿಗಳೇ ಮೊದಲ ಗುರಿಗಳಾದವು. ಮುಂದಿನ ನಲವತ್ತು ವರ್ಷಗಳಲ್ಲಿ ಆಟ ದೇಶವೆಲ್ಲ ಹರಡಿತು, ಆದರೆ ಒಂದೇ ಬಗೆಯಾಗಿ ಬೆಳೆಯಲಿಲ್ಲ. ಪೂರ್ವ ಕರಾವಳಿ, ಮಧ್ಯ ಪಶ್ಚಿಮ, ಪಶ್ಚಿಮ ಕರಾವಳಿ ಹೀಗೆ ಒಂದೊಂದು ಸೀಮೆಗೆ ಒಂದೊಂದು ಶೈಲಿ, ನಿಯಮಗಳಿಗೆ ಒಂದೊಂದು ವ್ಯಾಖ್ಯಾನ. ತಂಡಗಳು ರೈಲಿನಲ್ಲಿ ದಿನಗಟ್ಟಲೆ ಪ್ರಯಾಣ ಮಾಡಬೇಕಾಗಿದ್ದುದರಿಂದ ದೂರದ ಕಾಲೇಜುಗಳು ಪರಸ್ಪರ ಎದುರಾಗುತ್ತಿದ್ದುದೇ ಅಪರೂಪ. ಒಂದು ಸೀಮೆಯ ಶ್ರೇಷ್ಠ ಆಟಗಾರನ ವಿಷಯ ಇನ್ನೊಂದು ಸೀಮೆಗೆ ತಲುಪುತ್ತಿದ್ದುದು ಪತ್ರಿಕೆಯ ಮೂಲಕವೇ.

1930ರ ದಶಕದ ಆರಂಭದ ಆಟ ಇಂದಿನವರ ಕಣ್ಣಿಗೆ ನಿಧಾನವೆನಿಸುತ್ತದೆ. ಪ್ರತಿ ಬುಟ್ಟಿಯ ನಂತರವೂ ಚೆಂಡನ್ನು ಅಂಕಣದ ನಡುವಿಗೆ ತಂದು, ಎರಡೂ ತಂಡಗಳ ಎತ್ತರದ ಆಟಗಾರರ ನಡುವೆ ಮೇಲಕ್ಕೆಸೆದು ಆಟ ಮತ್ತೆ ಶುರುಮಾಡುತ್ತಿದ್ದರು. ಅಂಕ ಗಳಿಸಿದ ತಂಡಕ್ಕೇ ಮತ್ತೆ ಚೆಂಡು ಸಿಗುವ ಅವಕಾಶ ಇದರಲ್ಲಿತ್ತು. ಎತ್ತರದ ಸೆಂಟರ್ ಇರುವ ತಂಡಕ್ಕಂತೂ ಇದು ದೊಡ್ಡ ಅನುಕೂಲ. ಚೆಂಡು ಸಿಕ್ಕ ತಂಡ ಆತುರಪಡದೆ ಪಾಸ್ ಮೇಲೆ ಪಾಸ್ ಕೊಡುತ್ತ, ಎದುರಾಳಿಯ ರಕ್ಷಣೆಯಲ್ಲಿ ಬಿರುಕು ಕಾಣುವವರೆಗೆ ಕಾಯುತ್ತಿತ್ತು. ಬಿರುಕು ಕಂಡಾಗ ಒಬ್ಬ ಆಟಗಾರ ಬುಟ್ಟಿಯ ಕೆಳಗೆ ನುಗ್ಗಿ ಚೆಂಡು ಹಾಕಬೇಕು, ಇಲ್ಲವೇ ದೂರದಲ್ಲಿ ಬಿಡುವಾಗಿ ನಿಂತು ಜೋಡಿಗೈ ಸೆಟ್ ಶಾಟ್ ಎಸೆಯಬೇಕು. ಈ ಸೆಟ್ ಶಾಟ್‌ನಲ್ಲಿ ಚೆಂಡು ಎದೆಯ ಮಟ್ಟದಲ್ಲಿರುತ್ತಿತ್ತು, ಪಾದಗಳೆರಡೂ ನೆಲದಲ್ಲಿ ಊರಿರುತ್ತಿದ್ದವು, ಮೊಣಕಾಲು ಬಗ್ಗಿಸಿ ಎರಡೂ ಅಂಗೈಗಳಿಂದ ಚೆಂಡನ್ನು ಮೇಲಕ್ಕೆ ತಳ್ಳಬೇಕಿತ್ತು. ಗುರಿ ನಿಖರ, ಆದರೆ ಸಿದ್ಧತೆಗೆ ಸಮಯ ಬೇಕು. ಮೈಮೇಲೆ ಬಂದು ನಿಂತ ರಕ್ಷಕನೆದುರು ಅದನ್ನು ಪ್ರಯೋಗಿಸುವುದು ಕಷ್ಟ.

ಇದರ ಫಲವಾಗಿ ಅಂಕಗಳು ಕಡಿಮೆಯಿದ್ದವು. 40 ನಿಮಿಷದ ಪಂದ್ಯದಲ್ಲಿ ತಂಡವೊಂದು 30 ಅಂಕ ದಾಟಿದರೆ ಅದು ಒಳ್ಳೆಯ ಆಟ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಬಾಸ್ಕೆಟ್‌ಬಾಲ್ ಮೊದಲ ಬಾರಿಗೆ ಪದಕದ ಕ್ರೀಡೆಯಾದಾಗ ಫೈನಲ್‌ನಲ್ಲಿ ಅಮೆರಿಕ ಕೆನಡಾವನ್ನು ಸೋಲಿಸಿದ್ದು 19–8ರಿಂದ. ಮಳೆಯಲ್ಲಿ ನೆನೆದ ಬಯಲು ಅಂಕಣವೂ ಅದಕ್ಕೆ ಕಾರಣವಾಗಿತ್ತು ಎಂಬುದು ಬೇರೆ ಮಾತು.

ಸ್ಯಾನ್ ಫ್ರಾನ್ಸಿಸ್ಕೊ ಹುಡುಗ

ಮುಂದೆ ಹ್ಯಾಂಕ್ ಎಂದೇ ಹೆಸರಾದ ಆಂಜೆಲೊ ಲುಯಿಸೆಟ್ಟಿ ಹುಟ್ಟಿದ್ದು 1916ರ ಜೂನ್ 16ರಂದು, ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ. ಇಟಲಿಯಿಂದ ವಲಸೆ ಬಂದ ತಂದೆ ಅಡುಗೆಯ ಕಸುಬಿನವರು. ಬಾಲ್ಯದಲ್ಲಿ ಹುಡುಗನ ಕಾಲುಗಳು ಬಾಗಿದ್ದರಿಂದ ಕೆಲ ಕಾಲ ಆಧಾರಪಟ್ಟಿ ಕಟ್ಟಿಕೊಂಡೇ ಓಡಾಡಬೇಕಾಯಿತು. ಅದು ಕಳಚಿದ ಮೇಲೆ ಮನೆಯ ಹತ್ತಿರದ ಆಟದ ಬಯಲೇ ಅವನ ಶಾಲೆಯಾಯಿತು.

ಒಂಟಿಗೈ ಎಸೆತ ಹುಟ್ಟಿದ್ದು ಆ ಬಯಲಿನಲ್ಲೇ, ಅದೂ ಅನಿವಾರ್ಯದಿಂದ. ತನಗಿಂತ ದೊಡ್ಡ ಹುಡುಗರ ಜೊತೆ ಆಡುತ್ತಿದ್ದ ಆಂಜೆಲೊಗೆ ಎರಡೂ ಕೈಯಿಂದ ತಳ್ಳಿದರೆ ಚೆಂಡು ಬುಟ್ಟಿಯವರೆಗೆ ಮುಟ್ಟುತ್ತಿರಲಿಲ್ಲ. ಒಂದು ಕೈಯಲ್ಲಿ ಚೆಂಡನ್ನು ಹೊತ್ತು, ಓಟದ ರಭಸವನ್ನೆಲ್ಲ ಅದಕ್ಕೆ ಸೇರಿಸಿ, ಮುಖದ ಮಟ್ಟದಿಂದ ಬೆರಳ ತುದಿಯಲ್ಲಿ ಉರುಳಿಸಿ ಬಿಟ್ಟರೆ ಮುಟ್ಟುತ್ತಿತ್ತು. ಯಾರೂ ಹೇಳಿಕೊಡದ, ಪುಸ್ತಕದಲ್ಲಿಲ್ಲದ ಈ ಕ್ರಮ ರೂಢಿಯಾಗಿ ಕೈಗೆ ಕೂತುಬಿಟ್ಟಿತು. ಹುಡುಗ ಬೆಳೆದು ಆರಡಿ ಎರಡಂಗುಲದ ಯುವಕನಾದ ಮೇಲೂ ಕ್ರಮ ಬದಲಾಗಲಿಲ್ಲ. ಗೆಲಿಲಿಯೊ ಹೈಸ್ಕೂಲಿನ ಕೋಚ್ ಟಾಮಿ ಡಿನೈಕ್ ಅದನ್ನು ತಿದ್ದುವ ಗೋಜಿಗೆ ಹೋಗಲಿಲ್ಲ. ನಿಯಮಬದ್ಧ ಎಸೆತವನ್ನೇ ಹೇರುವ ಕೋಚ್ ಕೈಗೆ ಸಿಕ್ಕಿದ್ದರೆ ಇದೇ ಹುಡುಗ ಬೇರೆ ಆಟಗಾರನಾಗುತ್ತಿದ್ದ.

ಸ್ಟ್ಯಾನ್‌ಫರ್ಡ್ ಮತ್ತು ಜಾನ್ ಬನ್

1934ರಲ್ಲಿ ಲುಯಿಸೆಟ್ಟಿ ಸ್ಟ್ಯಾನ್‌ಫರ್ಡ್ ಸೇರಿದರು. ಅಲ್ಲಿನ ಕೋಚ್ ಜಾನ್ ಬನ್ ಕ್ಯಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಫಾಗ್ ಆಲೆನ್ ಅವರ ಕೈಕೆಳಗೆ ಆಡಿ, ಅಲ್ಲೇ ಅವರ ಸಹಾಯಕರಾಗಿದ್ದವರು. ಆಟದ ಜನಕ ನೈಸ್ಮಿತ್ ಅವರನ್ನು ಹತ್ತಿರದಿಂದ ಬಲ್ಲವರು. ಇಂಥ ಹಿನ್ನೆಲೆಯವರು ಸಂಪ್ರದಾಯಕ್ಕೆ ಜೋತುಬೀಳುವುದು ಸಹಜವಾಗಿತ್ತು. ಆದರೆ ಬನ್ ಒಂಟಿಗೈ ಎಸೆತವನ್ನು ನೋಡಿ, ಅದನ್ನೇ ಮುಂದುವರಿಸುವಂತೆ ಹುಡುಗನಿಗೆ ಹೇಳಿದರು. ಪ್ರತಿ ಬುಟ್ಟಿಯ ನಂತರದ ನಡುಅಂಕಣದ ಜಂಪ್ ಬಾಲ್ ಪದ್ಧತಿ ಹೋಗಬೇಕೆಂದು ವಾದಿಸುತ್ತಿದ್ದವರಲ್ಲೂ ಅವರು ಒಬ್ಬರು. ವೇಗದ ಆಟ ಬೇಕೆನ್ನುವ ಕೋಚ್, ಓಡುತ್ತಲೇ ಎಸೆಯಬಲ್ಲ ಆಟಗಾರ ಇಬ್ಬರೂ ಒಂದೇ ಕಡೆ ಸೇರಿದ್ದು ಸ್ಟ್ಯಾನ್‌ಫರ್ಡ್ ಆಟದ ಬೆನ್ನೆಲುಬಾಯಿತು.

ಆಗಿನ ನಿಯಮದಂತೆ ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಅವರದೇ ಬೇರೆ ತಂಡ. 1934–35ರಲ್ಲಿ ಆ ತಂಡ ಆಡಿದ 18 ಪಂದ್ಯಗಳನ್ನೂ ಗೆದ್ದಿತು. ಲುಯಿಸೆಟ್ಟಿ ಒಬ್ಬರೇ 305 ಅಂಕ ಗಳಿಸಿದರು. ಮರುವರ್ಷ ಮುಖ್ಯ ತಂಡಕ್ಕೆ ಬಂದ ಮೇಲೆ ಆರ್ಟ್ ಸ್ಟೋಫೆನ್, ಹೋವೆಲ್ ಟರ್ನರ್, ಜಾಕ್ ಕಾಲ್ಡರ್‌ವುಡ್, ಡಿಂಟಿ ಮೂರ್ ಮುಂತಾದವರ ಜೊತೆ ಸೇರಿ ಕಟ್ಟಿದ ತಂಡ 1936, 1937, 1938 ಮೂರೂ ವರ್ಷ ಪೆಸಿಫಿಕ್ ಕೋಸ್ಟ್ ಕಾನ್ಫರೆನ್ಸ್ ಪ್ರಶಸ್ತಿಯನ್ನು ಕೈಬಿಡಲಿಲ್ಲ. ಅಂಕಣದಲ್ಲಿ ನಗುನಗುತ್ತ ಆಡುವ ಈ ಗುಂಪಿಗೆ ‘ಲಾಫಿಂಗ್ ಬಾಯ್ಸ್’ ಎಂಬ ಅಡ್ಡಹೆಸರು ಬಿತ್ತು.

ಲುಯಿಸೆಟ್ಟಿ ಬರೀ ಎಸೆತಗಾರರಾಗಿರಲಿಲ್ಲ. ಡ್ರಿಬಲ್ ಮಾಡುತ್ತ ನುಗ್ಗುವುದು, ಬೆನ್ನ ಹಿಂದಿನಿಂದ ಚೆಂಡು ದಾಟಿಸುವುದು, ಎದುರಾಳಿಯ ಪಾಸನ್ನು ನಡುವೆಯೇ ಕಸಿದುಕೊಳ್ಳುವುದು ಎಲ್ಲವೂ ಅವರಿಗೆ ಒಲಿದಿತ್ತು. ಫಾರ್ವರ್ಡ್, ಗಾರ್ಡ್ ಎಂಬ ಕಟ್ಟುನಿಟ್ಟಿನ ವಿಂಗಡಣೆಯ ಕಾಲದಲ್ಲಿ ಅವರು ಅಂಕಣದ ತುಂಬ ಆಡಿದರು. ತಾವು ಎಸೆಯುವುದಕ್ಕಿಂತ ಚೆಂಡನ್ನು ಜೊತೆಗಾರರಿಗೆ ಕೊಡುವುದರಲ್ಲೇ ಅವರಿಗೆ ಒಲವು ಹೆಚ್ಚೆಂಬುದು ತಂಡದವರೆಲ್ಲ ಒಪ್ಪುತ್ತಿದ್ದ ಸಂಗತಿ.

ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, 1936ರ ಡಿಸೆಂಬರ್ 30

ಪಶ್ಚಿಮ ಕರಾವಳಿಯಲ್ಲಿ ಇಷ್ಟೆಲ್ಲ ನಡೆದರೂ ದೇಶದ ದೃಷ್ಟಿ ಇದ್ದುದು ನ್ಯೂಯಾರ್ಕ್ ಕಡೆಗೆ. ಪತ್ರಕರ್ತ ನೆಡ್ ಐರಿಷ್ 1934ರ ಡಿಸೆಂಬರಿನಿಂದ ಅಲ್ಲಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣವನ್ನು ಬಾಡಿಗೆಗೆ ಪಡೆದು, ಒಂದೇ ಸಂಜೆ ಎರಡೆರಡು ಕಾಲೇಜು ಪಂದ್ಯಗಳನ್ನು ಏರ್ಪಡಿಸತೊಡಗಿದ್ದರು. ಕಾಲೇಜಿನ ಚಿಕ್ಕ ವ್ಯಾಯಾಮಶಾಲೆಗಳಲ್ಲಿ ಕೆಲ ನೂರು ಜನರ ಮುಂದೆ ನಡೆಯುತ್ತಿದ್ದ ಆಟಕ್ಕೆ ಇದ್ದಕ್ಕಿದ್ದಂತೆ ಹತ್ತು ಹದಿನೈದು ಸಾವಿರ ಪ್ರೇಕ್ಷಕರು ಸಿಕ್ಕರು. ಮಹಾನಗರದ ಪತ್ರಿಕೆಗಳೂ ಜೊತೆಗೆ ಬಂದವು. ಹೊರಗಿನ ಸೀಮೆಗಳ ಬಲಿಷ್ಠ ತಂಡಗಳನ್ನು ನ್ಯೂಯಾರ್ಕಿಗೆ ಕರೆಸುವುದು ಐರಿಷ್ ಅವರ ವ್ಯಾಪಾರದ ಜಾಣತನ. ಸ್ಟ್ಯಾನ್‌ಫರ್ಡ್ ಗಾರ್ಡನ್‌ಗೆ ಬಂದದ್ದು ಹೀಗೆ.

ಎದುರಿಗಿದ್ದುದು ಲಾಂಗ್ ಐಲೆಂಡ್ ವಿಶ್ವವಿದ್ಯಾಲಯದ ತಂಡ. ಕ್ಲೇರ್ ಬೀ ಅವರ ತರಬೇತಿಯಲ್ಲಿ ಅದು ಸತತ 43 ಪಂದ್ಯ ಗೆದ್ದಿತ್ತು. ಯಹೂದಿ ಆಟಗಾರರು ಹೆಚ್ಚಿದ್ದ ಈ ತಂಡ ನಾಜಿ ಜರ್ಮನಿಯಲ್ಲಿ ನಡೆಯುವ ಒಲಿಂಪಿಕ್ಸ್ ಬೇಡವೆಂದು ಅದರ ಆಯ್ಕೆ ಪಂದ್ಯಗಳಿಂದಲೇ ಹೊರಗುಳಿದಿತ್ತು. ಪೂರ್ವದವರ ದೃಷ್ಟಿಯಲ್ಲಿ ದೇಶದ ಶ್ರೇಷ್ಠ ತಂಡ ಇದೇ.

ಅಂದು ಸೇರಿದ್ದವರು 17,623 ಮಂದಿ. ಪಂದ್ಯ ಶುರುವಾದ ಕೊಂಚ ಹೊತ್ತಿಗೇ ನ್ಯೂಯಾರ್ಕಿನ ರಕ್ಷಕರಿಗೆ ಹಿಂದೆಂದೂ ಕಾಣದ ಇಕ್ಕಟ್ಟು ಎದುರಾಯಿತು. ಸೆಟ್ ಶಾಟ್ ಎಸೆಯುವವನು ಕಾಲೂರುತ್ತಲೇ ಅವನ ಇಂಗಿತ ತಿಳಿಯುತ್ತದೆ. ರಕ್ಷಕನಿಗೆ ಮುಂದೆ ಬಂದು ತಡೆಯಲು ಸಮಯವಿರುತ್ತದೆ. ಲುಯಿಸೆಟ್ಟಿ ಡ್ರಿಬಲ್ ಮಾಡುತ್ತ ಬಂದು, ಓಟ ನಿಲ್ಲಿಸುವ ಮುಂಚೆಯೇ ನೆಲ ಬಿಟ್ಟು, ಒಂದೇ ಕೈಯಿಂದ ಚೆಂಡನ್ನು ರಕ್ಷಕನ ತಲೆಯ ಮೇಲೆ ಹಾಯಿಸುತ್ತಿದ್ದರು. ಅವರನ್ನು ತಡೆಯಲು ಹತ್ತಿರ ಬಂದರೆ ಪಕ್ಕದಿಂದ ನುಗ್ಗಿ ಹೋಗುವರು, ದೂರ ನಿಂತರೆ ಎಸೆಯುವರು, ಇಬ್ಬರು ಸೇರಿ ಮುತ್ತಿದರೆ ಬಿಡುವಾಗಿ ನಿಂತ ಜೊತೆಗಾರನಿಗೆ ಪಾಸ್ ಕೊಡುವರು. ಸ್ಟ್ಯಾನ್‌ಫರ್ಡ್ 45–31ರಿಂದ ಗೆದ್ದಿತು. 43 ಪಂದ್ಯಗಳ ಗೆಲುವಿನ ಸರಣಿ ಮುರಿದುಬಿತ್ತು. ಲುಯಿಸೆಟ್ಟಿ ಗಳಿಸಿದ್ದು 15 ಅಂಕ. ಸಂಖ್ಯೆ ದೊಡ್ಡದಲ್ಲ, ಆದರೆ ಅವರು ಅಂಕಣ ಬಿಟ್ಟು ಹೊರಟಾಗ ಎದುರಾಳಿ ಊರಿನ ಪ್ರೇಕ್ಷಕರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಎಲ್ಲರೂ ಒಪ್ಪಲಿಲ್ಲ. ನ್ಯೂಯಾರ್ಕ್ ಸಿಟಿ ಕಾಲೇಜಿನ ಕೋಚ್ ನ್ಯಾಟ್ ಹೋಲ್ಮನ್ ಸ್ವತಃ ಒರಿಜಿನಲ್ ಸೆಲ್ಟಿಕ್ಸ್ ಎಂಬ ಪ್ರಖ್ಯಾತ ವೃತ್ತಿಪರ ತಂಡದಲ್ಲಿ ಆಡಿ ಹೆಸರು ಮಾಡಿದವರು, ಪಾಸಿಂಗ್ ಆಟದ ಪಂಡಿತರು. ಇದು ಬಾಸ್ಕೆಟ್‌ಬಾಲೇ ಅಲ್ಲ, ತನ್ನ ಹುಡುಗರು ಹೀಗೆ ಒಂಟಿಗೈಯಲ್ಲಿ ಎಸೆಯತೊಡಗಿದರೆ ಕೋಚ್ ಕೆಲಸವನ್ನೇ ಬಿಡುತ್ತೇನೆ ಎಂಬರ್ಥದ ಮಾತು ಅವರ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಇದನ್ನು ಬರೀ ಹಟವೆಂದು ತಳ್ಳಿಹಾಕುವುದು ಸರಿಯಲ್ಲ. ಪೂರ್ವದ ಕೋಚ್‌ಗಳ ಪಾಲಿಗೆ ಆಟವೆಂದರೆ ಐವರು ಸೇರಿ ಕಟ್ಟುವ ಎಸೆತ. ಒಬ್ಬನೇ ತನ್ನ ಕೈಚಳಕದಿಂದ ಎಸೆತವನ್ನು ಸೃಷ್ಟಿಸಿಕೊಂಡರೆ ಆ ಇಡೀ ಕಟ್ಟಡಕ್ಕೆ ಅರ್ಥವಿರುವುದಿಲ್ಲ. ಅವರ ಆತಂಕ ಆಟದ ಮುಂದಿನ ದಿಕ್ಕನ್ನು ಸರಿಯಾಗಿಯೇ ಗುರುತಿಸಿತ್ತು, ಅದನ್ನು ತಡೆಯಲು ಮಾತ್ರ ಆಗಲಿಲ್ಲ. ಬಯಲುಗಳಲ್ಲಿ, ಶಾಲೆಗಳಲ್ಲಿ ಹುಡುಗರು ಆಗಲೇ ಲುಯಿಸೆಟ್ಟಿಯಂತೆ ಎಸೆಯಲು ತೊಡಗಿದ್ದರು.

1936–37ರ ಋತುವನ್ನು ಸ್ಟ್ಯಾನ್‌ಫರ್ಡ್ 25 ಗೆಲುವು, 2 ಸೋಲುಗಳೊಂದಿಗೆ ಮುಗಿಸಿತು. ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಟೂರ್ನಿ ಆಗ ಇರಲಿಲ್ಲ. ನಂತರದ ವರ್ಷಗಳಲ್ಲಿ ಹೆಲ್ಮ್ಸ್ ಪ್ರತಿಷ್ಠಾನ ಹಿಂದಿನ ಋತುಗಳನ್ನು ಪರಿಶೀಲಿಸಿ ಚಾಂಪಿಯನ್ನರನ್ನು ಹೆಸರಿಸಿದಾಗ 1937ರ ಪಟ್ಟ ಸ್ಟ್ಯಾನ್‌ಫರ್ಡ್‌ಗೆ ಸಂದಿತು. 1937 ಮತ್ತು 1938ರ ವರ್ಷದ ಆಟಗಾರ ಗೌರವವನ್ನೂ ಆ ಪ್ರತಿಷ್ಠಾನ ಲುಯಿಸೆಟ್ಟಿಗೆ ಕೊಟ್ಟಿತು.

ನಿಯಮದ ಬದಲಾವಣೆ ಮತ್ತು 50 ಅಂಕ

1937–38ರ ಋತುವಿನಿಂದ ಪ್ರತಿ ಬುಟ್ಟಿಯ ನಂತರದ ಜಂಪ್ ಬಾಲ್ ರದ್ದಾಯಿತು. ಅಂಕ ಬಿಟ್ಟುಕೊಟ್ಟ ತಂಡ ತನ್ನ ಬುಟ್ಟಿಯ ಹಿಂದಿನ ಗೆರೆಯಿಂದಲೇ ಚೆಂಡನ್ನು ಒಳಗೆ ಹಾಕಿ ಆಟ ಮುಂದುವರಿಸಬಹುದಾಯಿತು. ಇದರಿಂದ ಪಂದ್ಯದಲ್ಲಿ ನಿಜವಾಗಿ ಆಡುವ ಸಮಯ ಹೆಚ್ಚಿತು, ಎತ್ತರದ ಸೆಂಟರ್‌ಗಿದ್ದ ವಿಶೇಷ ಲಾಭ ಇಳಿಯಿತು, ರಕ್ಷಣೆ ಸಜ್ಜಾಗುವ ಮುಂಚೆಯೇ ಓಡಿಹೋಗಿ ಎಸೆಯುವ ತಂಡಗಳಿಗೆ ಅನುಕೂಲವಾಯಿತು. ಓಟದಲ್ಲಿಯೇ ಎಸೆಯಬಲ್ಲ ಲುಯಿಸೆಟ್ಟಿಯಂಥವರಿಗೆ ಹೇಳಿ ಮಾಡಿಸಿದ ಬದಲಾವಣೆ ಇದು.

ಆ ಋತುವಿನ ನಡುವೆ ಸ್ಟ್ಯಾನ್‌ಫರ್ಡ್ ಮತ್ತೆ ಪೂರ್ವಕ್ಕೆ ಬಂತು. ಗಾರ್ಡನ್‌ನಲ್ಲಿ ಹೋಲ್ಮನ್ ಅವರ ಸಿಟಿ ಕಾಲೇಜನ್ನೂ ಲಾಂಗ್ ಐಲೆಂಡ್ ತಂಡವನ್ನೂ ಸೋಲಿಸಿತು. ಅಲ್ಲಿಂದ ಕ್ಲೀವ್‌ಲ್ಯಾಂಡ್‌ಗೆ ಹೋಗಿ 1938ರ ಜನವರಿ 1ರಂದು ಡುಕೇನ್ ವಿಶ್ವವಿದ್ಯಾಲಯವನ್ನು ಎದುರಿಸಿತು. ಸ್ಟ್ಯಾನ್‌ಫರ್ಡ್ 92–27ರಿಂದ ಗೆದ್ದ ಆ ಪಂದ್ಯದಲ್ಲಿ ಲುಯಿಸೆಟ್ಟಿ 23 ಬುಟ್ಟಿ, 4 ಫ್ರೀ ಥ್ರೋ ಹಾಕಿ 50 ಅಂಕ ಗಳಿಸಿದರು. ಎದುರಾಳಿ ತಂಡವೆಲ್ಲ ಸೇರಿ ಗಳಿಸಿದ್ದರ ಸುಮಾರು ಎರಡರಷ್ಟು ಇದು. ಅಂದು ಜೊತೆಗಾರರು ಮೊದಲೇ ಮಾತಾಡಿಕೊಂಡು, ಚೆಂಡನ್ನು ಅವರಿಗೇ ಕೊಡುತ್ತ ಹೋದರಂತೆ. ಅವರು ವಾಪಸು ಪಾಸ್ ಕೊಟ್ಟರೆ ಮತ್ತೆ ಅವರ ಕೈಗೇ ತಳ್ಳುತ್ತಿದ್ದರಂತೆ. ಬಹಳ ಪಂದ್ಯಗಳಲ್ಲಿ ಇಡೀ ತಂಡವೇ 50 ಮುಟ್ಟದಿದ್ದ ಕಾಲದಲ್ಲಿ ಒಬ್ಬ ಆಟಗಾರ ಅಷ್ಟು ಗಳಿಸಿದ್ದು ದೇಶದ ಪತ್ರಿಕೆಗಳಿಗೆಲ್ಲ ಸುದ್ದಿಯಾಯಿತು.

1938ರಲ್ಲಿ ಪದವಿ ಮುಗಿಸುವ ಹೊತ್ತಿಗೆ ಮುಖ್ಯ ತಂಡದ ಮೂರು ಋತುಗಳಲ್ಲಿ ಅವರ ಅಂಕ 1,291. ಮೊದಲ ವರ್ಷದ 305 ಸೇರಿಸಿದರೆ ಒಟ್ಟು 1,596. ಆಗ ಇದನ್ನು ರಾಷ್ಟ್ರೀಯ ದಾಖಲೆಯೆಂದು ಪತ್ರಿಕೆಗಳು ಹೊಗಳಿದವು. ದೊಡ್ಡ ಕಾಲೇಜುಗಳ ಲೆಕ್ಕದಲ್ಲಿ ಮಾತ್ರ ಈ ಮಾತು ನಿಲ್ಲುತ್ತದೆ. ವರ್ಜೀನಿಯದ ಎಮರಿ ಆ್ಯಂಡ್ ಹೆನ್ರಿ ಎಂಬ ಚಿಕ್ಕ ಕಾಲೇಜಿನ ಗ್ಲೆನ್ ರಾಬರ್ಟ್ಸ್ 1935ರ ಹೊತ್ತಿಗೇ 2,000ಕ್ಕೂ ಹೆಚ್ಚು ಅಂಕ ಗಳಿಸಿದ್ದರು. ಅವರಿಗೆ ಗಾರ್ಡನ್‌ನಂಥ ರಂಗ ಸಿಗಲಿಲ್ಲ.

ಲುಯಿಸೆಟ್ಟಿಗೆ ರಂಗ ಸಿಕ್ಕಿತು, ರಾಷ್ಟ್ರೀಯ ಟೂರ್ನಿ ಸಿಗಲಿಲ್ಲ. ಎನ್‌ಸಿಎಎ ಟೂರ್ನಿ ಶುರುವಾದದ್ದು 1939ರಲ್ಲಿ, ಅವರು ಕಾಲೇಜು ಬಿಟ್ಟ ಮರುವರ್ಷ. ಮೊದಲ ಪ್ರಶಸ್ತಿ ಗೆದ್ದದ್ದು ಒರೆಗಾನ್ ವಿಶ್ವವಿದ್ಯಾಲಯ. 1938ರ ಪೆಸಿಫಿಕ್ ಕೋಸ್ಟ್ ನಿರ್ಣಾಯಕ ಪಂದ್ಯಗಳಲ್ಲಿ ಸ್ಟ್ಯಾನ್‌ಫರ್ಡ್ ಸೋಲಿಸಿದ್ದು ಇದೇ ಒರೆಗಾನ್ ತಂಡವನ್ನು.

ಸಿನಿಮಾ, ಅಮಾನತು, ಕಂಪನಿ ತಂಡಗಳು

ಕಾಲೇಜು ಮುಗಿಸಿದ ಆಟಗಾರನಿಗೆ 1938ರಲ್ಲಿ ಇದ್ದ ದಾರಿಗಳು ಕೆಲವೇ. ವೃತ್ತಿಪರ ತಂಡಗಳು ಊರೂರು ಸುತ್ತುತ್ತ ಅನಿಶ್ಚಿತ ಗಳಿಕೆಯಲ್ಲಿ ಬದುಕುತ್ತಿದ್ದವು. ಅವಕ್ಕಿಂತ ಮರ್ಯಾದೆಯ ಜಾಗ ಎಂದರೆ ಅಮೆಚೂರ್ ಅಥ್ಲೆಟಿಕ್ ಯೂನಿಯನ್, ಅಂದರೆ ಎಎಯು ನಡೆಸುತ್ತಿದ್ದ ಹವ್ಯಾಸಿ ಆಟ. ತೈಲ ಕಂಪನಿಗಳು, ಕಾರು ಮಾರಾಟಗಾರರು, ನಗರದ ಕ್ಲಬ್‌ಗಳು ಅಲ್ಲಿ ತಂಡ ಕಟ್ಟುತ್ತಿದ್ದವು. ಆಟಗಾರನಿಗೆ ಕಂಪನಿಯಲ್ಲಿ ನೌಕರಿ, ಸಂಬಳ. ಆಟ ಹೆಸರಿಗೆ ಹವ್ಯಾಸ.

ಲುಯಿಸೆಟ್ಟಿಗೆ ಈ ದಾರಿ ಆರಂಭದಲ್ಲೇ ಕೆಲಕಾಲ ಮುಚ್ಚಿತು. 1938ರಲ್ಲಿ ಪ್ಯಾರಾಮೌಂಟ್ ಸಂಸ್ಥೆ ‘ಕ್ಯಾಂಪಸ್ ಕನ್ಫೆಷನ್ಸ್’ ಎಂಬ ಚಿತ್ರ ತೆಗೆಯಿತು. ಬೆಟ್ಟಿ ಗ್ರೇಬಲ್ ನಾಯಕಿ. ಅದರಲ್ಲಿ ಲುಯಿಸೆಟ್ಟಿ ತಮ್ಮದೇ ಹೆಸರಿನ ಪಾತ್ರದಲ್ಲಿ ನಟಿಸಿದರು. ಬಾಸ್ಕೆಟ್‌ಬಾಲ್ ಹೆಸರಿನಿಂದ ಹಣ ಗಳಿಸಿದರೆ ಹವ್ಯಾಸಿ ಆಟಗಾರನಾಗಿ ಉಳಿಯುವುದಿಲ್ಲ ಎಂದು ಎಎಯು ಅವರನ್ನು ಒಂದು ವರ್ಷ ಆಟದಿಂದ ದೂರವಿಟ್ಟಿತು. ಕಂಪನಿಯ ಸಂಬಳ ಪಡೆದು ಆಡುವುದು ಹವ್ಯಾಸ, ಚಿತ್ರದಲ್ಲಿ ನಟಿಸಿ ಹಣ ಪಡೆಯುವುದು ಅಪರಾಧ ಎಂಬ ಈ ವಿಂಗಡಣೆ ಆ ಕಾಲದ ಹವ್ಯಾಸಿ ಕ್ರೀಡೆಯ ಒಳವಿರೋಧವನ್ನು ಚೆನ್ನಾಗಿ ತೋರಿಸುತ್ತದೆ.

ಅಮಾನತು ಮುಗಿದ ಮೇಲೆ ಅವರು ಸ್ಯಾನ್ ಫ್ರಾನ್ಸಿಸ್ಕೊದ ಒಲಿಂಪಿಕ್ ಕ್ಲಬ್ ಪರ ಆಡಿದರು. ಆಮೇಲೆ ಒಕ್ಲಹೋಮದ ಬಾರ್ಟಲ್ಸ್‌ವಿಲ್‌ನಲ್ಲಿದ್ದ ತೈಲ ಕಂಪನಿಯ ತಂಡ ಫಿಲಿಪ್ಸ್ 66 ಆಯ್ಲರ್ಸ್ ಸೇರಿದರು. ಆಗಿನ ಹವ್ಯಾಸಿ ಆಟದಲ್ಲಿ ಅದಕ್ಕಿಂತ ಬಲವಾದ ತಂಡಗಳು ವಿರಳ. ಆದರೆ ಕಾಲೇಜಿನ ದಿನಗಳ ನಿರಂತರತೆ ಅವರ ಆಟದಲ್ಲಿ ಮತ್ತೆ ಬರಲಿಲ್ಲ. ಅಮಾನತು ಒಂದು ವರ್ಷ ತಿಂದಿತ್ತು, ಮೊಣಕಾಲಿನ ಪೆಟ್ಟು ಇನ್ನಷ್ಟು ತಿಂದಿತು, ಉಳಿದದ್ದನ್ನು ಯುದ್ಧ ನುಂಗಿತು.

ಯುದ್ಧ ಮತ್ತು ಕಾಯಿಲೆ

ಎರಡನೇ ಮಹಾಯುದ್ಧದಲ್ಲಿ ಲುಯಿಸೆಟ್ಟಿ ನೌಕಾಪಡೆ ಸೇರಿದರು. ಪೈಲಟ್‌ಗಳ ಆರಂಭಿಕ ತರಬೇತಿ ನಡೆಯುತ್ತಿದ್ದ ಕ್ಯಾಲಿಫೋರ್ನಿಯದ ಸೇಂಟ್ ಮೇರೀಸ್ ಪ್ರೀ–ಫ್ಲೈಟ್ ಶಾಲೆಯ ತಂಡದಲ್ಲಿ 1943–44ರಲ್ಲಿ ಆಡಿದರು. ಆಗ ಸೇನೆಯ ತಂಡಗಳಲ್ಲಿ ದೇಶದ ಶ್ರೇಷ್ಠ ಆಟಗಾರರೇ ತುಂಬಿದ್ದರಿಂದ ಆ ಪಂದ್ಯಗಳ ಗುಣಮಟ್ಟ ಉನ್ನತವಾಗಿತ್ತು. ಸ್ಟ್ಯಾನ್‌ಫರ್ಡ್‌ನ ಮುಂದಿನ ತಲೆಮಾರಿನ ತಾರೆ ಜಿಮ್ ಪೊಲಾರ್ಡ್ ಅವರಂಥವರನ್ನು ಅಲ್ಲಿ ಎದುರಿಸಿಯೂ ಲುಯಿಸೆಟ್ಟಿ ಮೇಲುಗೈ ಸಾಧಿಸಿದರು. ಇಪ್ಪತ್ತೇಳರ ಪ್ರಾಯದಲ್ಲಿ ಅವರ ಆಟ ಕಾಲೇಜು ದಿನಗಳಿಗಿಂತ ಪಕ್ವವಾಗಿತ್ತೆಂಬುದು ನೋಡಿದವರ ಅಭಿಪ್ರಾಯ.

1944ರ ಕೊನೆಯಲ್ಲಿ ವರ್ಜೀನಿಯದ ನಾರ್ಫೋಕ್‌ನಲ್ಲಿದ್ದಾಗ ಮೆದುಳು ಮತ್ತು ಬೆನ್ನುಹುರಿಯ ಪೊರೆಗೆ ತಗಲುವ ಮೆನಿಂಜೈಟಿಸ್ ಅವರನ್ನು ಕೆಡವಿತು. ದಿನಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ್ದರು. ಸಲ್ಫಾ ಔಷಧಗಳು ಜೀವ ಉಳಿಸಿದವು. ಆದರೆ ಮುಂದೆ ಆಡಿದರೆ ಪ್ರಾಣಕ್ಕೇ ಅಪಾಯ ಎಂದು ವೈದ್ಯರು ಎಚ್ಚರಿಸಿದರು. ಇಪ್ಪತ್ತೆಂಟನೇ ವಯಸ್ಸಿನಲ್ಲಿ ಅವರ ಆಟ ನಿಂತಿತು.

ವೃತ್ತಿಪರ ಆಟದಲ್ಲಿ ಅವರ ಹೆಸರಿಲ್ಲದಿರುವುದಕ್ಕೆ ಉತ್ತರ ಇಲ್ಲಿದೆ. ಇಂದಿನ ಎನ್‌ಬಿಎಯ ಮೂಲವಾದ ಬಾಸ್ಕೆಟ್‌ಬಾಲ್ ಅಸೋಸಿಯೇಷನ್ ಆಫ್ ಅಮೆರಿಕ ಸ್ಥಾಪನೆಯಾದದ್ದು 1946ರ ಜೂನ್ 6ರಂದು. ಹತ್ತು ದಿನ ಕಳೆದರೆ ಲುಯಿಸೆಟ್ಟಿಗೆ ಮೂವತ್ತು ತುಂಬುತ್ತಿತ್ತು. ಆರೋಗ್ಯ ಚೆನ್ನಾಗಿದ್ದಿದ್ದರೆ ಕೆಲವು ವರ್ಷವಾದರೂ ಅಲ್ಲಿ ಆಡುವ ವಯಸ್ಸು ಅದು. ಯುದ್ಧಕಾಲದಲ್ಲಿ ಅವರೆದುರು ಆಡಿದ್ದ ಪೊಲಾರ್ಡ್ ಮುಂದೆ ಮಿನಿಯಾಪೊಲಿಸ್ ಲೇಕರ್ಸ್ ಸೇರಿ ಜಾರ್ಜ್ ಮೈಕನ್ ಜೊತೆ ಪ್ರಶಸ್ತಿಗಳನ್ನು ಗೆದ್ದರು.

ಆಟದ ನಂತರದ ಬದುಕು

ಅಂಕಣ ಬಿಟ್ಟರೂ ಬಾಸ್ಕೆಟ್‌ಬಾಲ್ ನಂಟು ತಕ್ಷಣ ಕಡಿಯಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಸ್ಟೀವರ್ಟ್ ಷೆವ್ರೊಲೆ ತಂಡಕ್ಕೆ ಅವರು ಕೋಚ್ ಆದರು. ಆ ತಂಡ 1951ರಲ್ಲಿ ಎಎಯು ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಅದಾದ ಮೇಲೆ ತರಬೇತಿಯನ್ನು ಜೀವನೋಪಾಯ ಮಾಡಿಕೊಳ್ಳದೆ ಪ್ರವಾಸ ವ್ಯವಹಾರದ ಸಂಸ್ಥೆಯೊಂದನ್ನು ಸೇರಿ, ಅದರ ಪಶ್ಚಿಮ ಕರಾವಳಿ ವಿಭಾಗದ ಮುಖ್ಯಸ್ಥರಾಗಿ ದುಡಿದು ನಿವೃತ್ತರಾದರು. ಹಳೆಯ ಕೀರ್ತಿಯನ್ನು ಬಂಡವಾಳ ಮಾಡಿಕೊಳ್ಳುವ ಸ್ವಭಾವ ಅವರದಾಗಿರಲಿಲ್ಲ. 2002ರ ಡಿಸೆಂಬರ್ 17ರಂದು ಕ್ಯಾಲಿಫೋರ್ನಿಯದ ಸ್ಯಾನ್ ಮಟೇಯೊದಲ್ಲಿ, 86ನೇ ವಯಸ್ಸಿನಲ್ಲಿ ತೀರಿಕೊಂಡರು.

ಗೌರವಗಳು ತಾವಾಗಿಯೇ ಬಂದವು. 1950ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಅರ್ಧ ಶತಮಾನದ ಶ್ರೇಷ್ಠ ಬಾಸ್ಕೆಟ್‌ಬಾಲ್ ಆಟಗಾರ ಯಾರೆಂದು ಕ್ರೀಡಾ ಬರಹಗಾರರನ್ನು ಕೇಳಿದಾಗ ಮೈಕನ್ ಮೊದಲಿಗರಾದರು, ಲುಯಿಸೆಟ್ಟಿ ಎರಡನೆಯವರು. ಅಂಕಣದಿಂದ ಆರು ವರ್ಷ ದೂರವಿದ್ದ, ವೃತ್ತಿಪರ ಆಟವನ್ನೇ ಆಡದಿದ್ದ ವ್ಯಕ್ತಿಗೆ ಸಿಕ್ಕ ಸ್ಥಾನ ಇದು. 1959ರಲ್ಲಿ ನೈಸ್ಮಿತ್ ಸ್ಮಾರಕ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ತನ್ನ ಮೊದಲ ಪಟ್ಟಿಯನ್ನು ಪ್ರಕಟಿಸಿದಾಗ ಅದರಲ್ಲಿ ಆಟಗಾರರೆಂದು ಸೇರಿದ್ದವರು ನಾಲ್ವರು: ಚಾರ್ಲ್ಸ್ ಹೈಯಟ್, ಜಾನ್ ಶೋಮರ್, ಮೈಕನ್ ಮತ್ತು ಲುಯಿಸೆಟ್ಟಿ. ಕೋಚ್ ಬನ್ 1964ರಲ್ಲಿ ಅದೇ ಗೌರವ ಪಡೆದರು. ಸ್ಟ್ಯಾನ್‌ಫರ್ಡ್ ಲುಯಿಸೆಟ್ಟಿ ಧರಿಸುತ್ತಿದ್ದ 7ನೇ ಸಂಖ್ಯೆಯನ್ನು ಪುರುಷರ ತಂಡದಲ್ಲಿ ಇನ್ನಾರಿಗೂ ಕೊಡದೆ ಕಾಯ್ದಿರಿಸಿತು, ಮೇಪಲ್ಸ್ ಪೆವಿಲಿಯನ್‌ನಲ್ಲಿ ಅವರ ಕಂಚಿನ ಪ್ರತಿಮೆಯನ್ನೂ ನಿಲ್ಲಿಸಿತು.

ಜನಕ ಎಂಬ ಬಿರುದಿನ ಪರಿಶೀಲನೆ

ಒಂಟಿಗೈ ಎಸೆತವನ್ನು ಲುಯಿಸೆಟ್ಟಿಯೇ ಕಂಡುಹಿಡಿದರು ಎಂಬ ಮಾತು ಇತಿಹಾಸದ ಪರೀಕ್ಷೆಗೆ ನಿಲ್ಲುವುದಿಲ್ಲ. ಬುಟ್ಟಿಯ ಹತ್ತಿರ ಒಂದೇ ಕೈಯಿಂದ ಚೆಂಡು ಹಾಕುವ ಲೇಅಪ್ ಮೊದಲಿನಿಂದಲೂ ಇತ್ತು. ಪಶ್ಚಿಮದ ಕೆಲವು ಕಡೆ ದೂರದಿಂದಲೂ ಹಾಗೆ ಎಸೆಯುವವರಿದ್ದರು. ನೆಲ ಬಿಟ್ಟು ಹಾರಿ ಎಸೆಯುವ ಜಂಪ್ ಶಾಟ್ ವಿಷಯದಲ್ಲಿ ಹಕ್ಕುದಾರರ ಸಾಲೇ ಇದೆ. 1930ರ ದಶಕದ ಆರಂಭದಲ್ಲಿ ಮಿಸ್ಸೌರಿ ವಿಶ್ವವಿದ್ಯಾಲಯಕ್ಕೆ ಆಡಿದ ಜಾನ್ ಕೂಪರ್, ಅದೇ ಸಮಯದ ಗ್ಲೆನ್ ರಾಬರ್ಟ್ಸ್, 1943ರಲ್ಲಿ ವ್ಯೋಮಿಂಗ್ ತಂಡಕ್ಕೆ ಎನ್‌ಸಿಎಎ ಪ್ರಶಸ್ತಿ ತಂದುಕೊಟ್ಟ ಕೆನ್ನಿ ಸೇಯ್ಲರ್ಸ್ ಇವರೆಲ್ಲರ ಹೆಸರೂ ಆ ಸಾಲಿನಲ್ಲಿವೆ.

ಲುಯಿಸೆಟ್ಟಿ ಎಸೆತ ಇಂದಿನ ಜಂಪ್ ಶಾಟ್‌ಗೆ ಸಮನೂ ಅಲ್ಲ. ಇಂದಿನ ಆಟಗಾರ ಓಟವನ್ನು ಥಟ್ಟನೆ ನಿಲ್ಲಿಸಿ, ನೇರವಾಗಿ ಮೇಲಕ್ಕೆ ಹಾರಿ, ಹಾರಿಕೆಯ ತುದಿಯಲ್ಲಿ ಚೆಂಡನ್ನು ತಲೆಯ ಮೇಲಿಂದ ಬಿಡುತ್ತಾನೆ. ಲುಯಿಸೆಟ್ಟಿ ಓಟದ ಲಯದಲ್ಲೇ ಮುಂದಕ್ಕೆ ಚಿಮ್ಮುತ್ತ ಮುಖದ ಹತ್ತಿರದಿಂದ ಬಿಡುತ್ತಿದ್ದರು. ಸೆಟ್ ಶಾಟ್‌ಗೂ ಜಂಪ್ ಶಾಟ್‌ಗೂ ನಡುವಿನ ಹಂತ ಅದು. ಕಾಲೂರಿ ನಿಲ್ಲಬೇಕೆಂಬ ಕಟ್ಟಳೆಯನ್ನೂ ಎರಡೂ ಕೈ ಬೇಕೆಂಬ ಕಟ್ಟಳೆಯನ್ನೂ ಅದು ಮುರಿಯಿತು. ಮಿಕ್ಕ ಹೆಜ್ಜೆಯನ್ನು ಸೇಯ್ಲರ್ಸ್, ಜೋ ಫುಲ್ಕ್ಸ್ ಮೊದಲಾದವರು ಇಟ್ಟರು. ಫುಲ್ಕ್ಸ್ 1949ರಲ್ಲಿ ವೃತ್ತಿಪರ ಪಂದ್ಯವೊಂದರಲ್ಲಿ 63 ಅಂಕ ಗಳಿಸುವ ವೇಳೆಗೆ ಜೋಡಿಗೈ ಎಸೆತ ಹಳಬರ ಆಟವಾಗಿತ್ತು. 1960ರ ದಶಕದಲ್ಲಿ ಅದು ಅಂಕಣದಿಂದ ಬಹುಮಟ್ಟಿಗೆ ಮಾಯವಾಯಿತು.

ಹಾಗಿದ್ದರೂ ಹೆಸರು ಲುಯಿಸೆಟ್ಟಿಯದೇ ಉಳಿದದ್ದಕ್ಕೆ ಕಾರಣ ಅವರ ಸಾಮರ್ಥ್ಯವೊಂದೇ ಅಲ್ಲ. ಹೊಸ ಎಸೆತವನ್ನು ಬಳಸಿದವರು ಹಲವರು, ಅದನ್ನು ಬಳಸಿ ದೇಶದ ಶ್ರೇಷ್ಠ ತಂಡವನ್ನು ನ್ಯೂಯಾರ್ಕಿನಲ್ಲಿ, ಪತ್ರಿಕೆಗಳ ಕಣ್ಣೆದುರು ಸೋಲಿಸಿದವರು ಅವರು. ಐರಿಷ್ ಕಟ್ಟಿದ ವೇದಿಕೆ, ಬನ್ ಕೊಟ್ಟ ಸ್ವಾತಂತ್ರ್ಯ, ಆಟಕ್ಕೆ ವೇಗ ತಂದ ನಿಯಮ ಮೂರೂ ಕೆಲವೇ ವರ್ಷಗಳ ಅಂತರದಲ್ಲಿ ಕೂಡಿಬಂದವು. ಹಲವೆಡೆ ಚದುರಿದ್ದ ರೂಢಿಯೊಂದನ್ನು ರಾಷ್ಟ್ರೀಯ ಪದ್ಧತಿಯಾಗಿಸಿದ್ದು ಈ ಕೂಡುವಿಕೆ. ಜನಕ ಎನ್ನುವುದಕ್ಕಿಂತ ಪ್ರಸಾರಕ ಎಂದರೆ ಅವರ ಪಾತ್ರ ಸರಿಯಾಗಿ ತಿಳಿಯುತ್ತದೆ.

ಅಂದಿನ ಶ್ರೇಷ್ಠತೆಯ ಅಳತೆಗೋಲಿಗೂ ಒಂದು ಮಿತಿಯಿತ್ತು. ದೇಶದ ದೊಡ್ಡ ಕಾಲೇಜು ತಂಡಗಳು ಬಹುಪಾಲು ಬಿಳಿಯರವಾಗಿದ್ದವು. ಕಪ್ಪು ಆಟಗಾರರಿಂದಲೇ ಕೂಡಿದ ನ್ಯೂಯಾರ್ಕ್ ರೆನೆಸಾನ್ಸ್ ತಂಡ 1939ರಲ್ಲಿ ಷಿಕಾಗೊದಲ್ಲಿ ನಡೆದ ವೃತ್ತಿಪರರ ವಿಶ್ವ ಟೂರ್ನಿಯನ್ನು ಗೆದ್ದಿತು. ಲುಯಿಸೆಟ್ಟಿ ಆಡಿ ಬಿಟ್ಟ ಪೆಸಿಫಿಕ್ ಕೋಸ್ಟ್ ಕಾನ್ಫರೆನ್ಸ್‌ನ ದಕ್ಷಿಣ ವಿಭಾಗದಲ್ಲಿ ಕೆಲವೇ ವರ್ಷಗಳ ನಂತರ ಯುಸಿಎಲ್‌ಎಯ ಜಾಕಿ ರಾಬಿನ್ಸನ್ ಎರಡು ಸಲ ಅತಿ ಹೆಚ್ಚು ಅಂಕ ಗಳಿಸಿದರು. ಮುಂದೆ ಬೇಸ್‌ಬಾಲ್‌ನಲ್ಲಿ ವರ್ಣಭೇದದ ಗೋಡೆ ಒಡೆದವರು ಇವರೇ. ಅರ್ಧ ಶತಮಾನದ ಶ್ರೇಷ್ಠರ ಪಟ್ಟಿಗಳನ್ನು ಓದುವಾಗ ಸ್ಪರ್ಧೆಯಿಂದಲೇ ಹೊರಗುಳಿದಿದ್ದ ಕಪ್ಪು ಆಟಗಾರರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಈ ಮಿತಿಗಳನ್ನೆಲ್ಲ ಕಳೆದ ಮೇಲೂ ಒಂದು ಅಂಶ ಉಳಿಯುತ್ತದೆ. ಲುಯಿಸೆಟ್ಟಿಗೆ ಮುಂಚೆ ಎಸೆತ ತಂಡದ ಆಟದ ಕೊನೆಯ ಫಲವಾಗಿತ್ತು; ಅವರ ನಂತರ ಆಟಗಾರ ಎಲ್ಲಿ, ಯಾವಾಗ ಬೇಕಾದರೂ ತಾನೇ ಎಸೆತವನ್ನು ಹುಟ್ಟಿಸಿಕೊಳ್ಳಬಹುದು ಎಂಬ ನಂಬಿಕೆ ಬೇರೂರಿತು. ರಕ್ಷಣೆಯ ತಂತ್ರ, ತರಬೇತಿಯ ಪಾಠ, ಪಂದ್ಯದ ಅಂಕ ಎಲ್ಲವೂ ಆ ನಂಬಿಕೆಗೆ ತಕ್ಕಂತೆ ಬದಲಾದವು. ಕಾಲೇಜಿನ ಮೂರೇ ಋತುಗಳಲ್ಲಿ ಒಬ್ಬ ಆಟಗಾರ ಆಟದ ಮೇಲೆ ಇಷ್ಟು ಪ್ರಭಾವ ಬೀರಿದ ಉದಾಹರಣೆಗಳು ಬಾಸ್ಕೆಟ್‌ಬಾಲ್ ಚರಿತ್ರೆಯಲ್ಲಿ ಹೆಚ್ಚಿಲ್ಲ.